ಅಕ್ಕನ ಪಟ್ಟಿ ರಾಮದುರ್ಗದಲ್ಲಿ ತೆರೆದದ್ದು

ನನ್ನ ಅಕ್ಕ ರಾಮದುರ್ಗದ ಆಸ್ಪತ್ರೆಯೊಂದರಲ್ಲಿ ನರ್ಸ್. ರಕ್ತ ಕೊಡಲು ಒಪ್ಪಿದವರ ಹೆಸರು, ಗುಂಪು, ಫೋನ್ ನಂಬರುಗಳನ್ನು ಹಲವು ವರ್ಷಗಳಿಂದ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತ ಬಂದಿದ್ದಳು. ಬೈಲಹೊಂಗಲ, ಕಿತ್ತೂರು, ಸವದತ್ತಿ ಕಡೆಯವರೂ ಅದರಲ್ಲಿದ್ದರು. ಆದರೆ ಅಕ್ಕ ರಜೆಯಲ್ಲಿದ್ದ ದಿನ ಅದು ಯಾರ ಕೈಗೂ ಸಿಗುತ್ತಿರಲಿಲ್ಲ.

ಬೈಲಹೊಂಗಲದ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ನಾನು, "ಇದನ್ನ ನಿಮ್ಮ ನರ್ಸುಗಳ ಫೋನಿನ್ಯಾಗ ಬರೂವಂಗ ಮಾಡತೇನಿ, ಅಕ್ಕಾ" ಎಂದು ದೊಡ್ಡದಾಗಿ ಹೇಳಿಬಿಟ್ಟೆ. ಜನ ನಂಬಿ ಕೊಟ್ಟ ನಂಬರುಗಳು ಎಲ್ಲೆಲ್ಲೋ ಹೋಗಬಾರದೆಂದು ನಮ್ಮ ಮನೆಯ ಹಳೆಯ ಕಂಪ್ಯೂಟರಿನಲ್ಲೇ ಪಟ್ಟಿಯನ್ನು ಟೈಪ್ ಮಾಡಿ ಇರಿಸಿ, ಪಾಸ್‌ವರ್ಡ್ ಹಾಕಿದೆ. ಮುಂದೆ ಬೇರೆ ಯಂತ್ರಕ್ಕೆ ಸಾಗಿಸುವುದೂ ಸುಲಭವಾಗಲೆಂದು ಪಟ್ಟಿ ತೋರಿಸಲು ಬರೆದ ಇಡೀ ತಂತ್ರಾಂಶವನ್ನು ಒಂದು ಕಂಟೇನರಿನೊಳಗೆ ಕೂಡಿಸಿದೆ. ಕಂಪ್ಯೂಟರಿನೊಳಗೇ ಮತ್ತೊಂದು ಪುಟ್ಟ ಕಂಪ್ಯೂಟರ್ ಇದ್ದಂತೆ ಅದು. ಒಳಗೆ ಪರೀಕ್ಷಿಸಿದಾಗ ಪಟ್ಟಿ ತಟ್ಟನೆ ಬಂತು. ಭಾನುವಾರ ಬೆಳಿಗ್ಗೆ ಅಕ್ಕನಿಗೆ ವಿಳಾಸ ಕಳಿಸಿದೆ.

ಹತ್ತೇ ನಿಮಿಷಕ್ಕೆ ಅವಳ ಫೋನ್ ಬಂತು.

"ಏನ್ವಾ ಇದು? ಬರೇ ಚಕ್ರ ತಿರಗಾಕತ್ತೈತಿ, ಪಟ್ಟಿ ಬರವಲ್ದು!"

"ಇಲ್ಲಿ ಬರತೈತಲ್ಲ ಅಕ್ಕಾ!"

"ನಿನ್ನ ಮನ್ಯಾಗ ಬಂದ್ರ ನನಗೇನ್ ಉಪಯೋಗ? ನನ್ನ ನೋಟ್‌ಬುಕ್ಕೇ ಚಲೋ ಬಿಡು."

ಫೋನ್ ಇಟ್ಟಳು. ನನ್ನ ಕಿವಿ ಬಿಸಿಯಾದವು. ನಾಳೆ ಬೆಳಿಗ್ಗೆ ತರಗತಿಯಲ್ಲಿ ಇದನ್ನೇ ಕಲಿಸಬೇಕಾದವಳು ನಾನು!

ಒಲೆಯ ಮೇಲಿದ್ದ ಬೇಳೆಯನ್ನು ಅತ್ತೆಯವರಿಗೆ ಒಪ್ಪಿಸಿ ಕುಳಿತೆ. ಮೊದಲು ಅದೇ ಕಂಪ್ಯೂಟರಿನ ಬ್ರೌಸರಿನಲ್ಲಿ ತೆರೆದು ನೋಡಿದೆ. ಅಲ್ಲೂ ಬರಲಿಲ್ಲ. ಅಂದರೆ ರಾಮದುರ್ಗದವರೆಗೆ ಹೋಗುವ ಮಾತಿರಲಿ, ಪಟ್ಟಿ ಕಂಟೇನರಿನಿಂದಲೇ ಹೊರಗೆ ಬಂದಿರಲಿಲ್ಲ. ಒಳಗಿನ ಪೋರ್ಟನ್ನು, ಅಂದರೆ ಕೋರಿಕೆ ಬರುವ ಬಾಗಿಲನ್ನು, ಹೊರಗಿನದಕ್ಕೆ ಜೋಡಿಸಿದ್ದೆನೇ? ಜೋಡಿಸಿದ್ದೆ. ಒಂದೊಂದೇ ಸಾಲು ಓದುತ್ತ ಹೋದಾಗ ತಪ್ಪು ಕಂಡಿತು. ತನ್ನೊಳಗಿನಿಂದ ಬಂದ ಕೋರಿಕೆಗೆ ಮಾತ್ರ ಉತ್ತರಿಸು ಎಂದು ತಂತ್ರಾಂಶಕ್ಕೆ ನಾನೇ ಹೇಳಿಟ್ಟಿದ್ದೆ. 127.0.0.1 ಎಂದಿದ್ದುದನ್ನು ಅಳಿಸಿ, ಎಲ್ಲ ಕಡೆಯ ಕೋರಿಕೆಗೂ ಉತ್ತರಿಸುವಂತೆ 0.0.0.0 ಎಂದು ಬರೆದು ಮತ್ತೆ ಶುರುಮಾಡಿದೆ. ಬ್ರೌಸರಿನಲ್ಲಿ ಪಟ್ಟಿ ತೆರೆಯಿತು. ಅಡುಗೆಮನೆಗೆ ಕೇಳುವಷ್ಟು ಜೋರಾಗಿ "ಬಂತು!" ಎಂದೆ.

ನನ್ನ ಫೋನಿನ ವೈಫೈ ಬಂದ್ ಮಾಡಿ, ಹೊರಗಿನವಳಂತೆ ತೆರೆಯಲು ನೋಡಿದೆ. ಮತ್ತೆ ಅದೇ ಚಕ್ರ.

ರೌಟರಿನಲ್ಲಿ ದಾರಿ ಬಿಟ್ಟಿದ್ದೆ, ಫೈರ್‌ವಾಲ್ ಕೂಡ ತಡೆಯುತ್ತಿರಲಿಲ್ಲ. ಆಗ ರೌಟರ್ ತೋರಿಸುವ ವಿಳಾಸವನ್ನೂ ಹೊರಜಗತ್ತಿಗೆ ಕಾಣುವ ನಮ್ಮ ವಿಳಾಸವನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಎರಡೂ ಬೇರೆ ಬೇರೆ! ನಮ್ಮ ಓಣಿಗೆ ಇಂಟರ್ನೆಟ್ ಕೊಡುವ ಚಾಚಾಗೆ ಫೋನ್ ಮಾಡಿ ಯಾಕೆಂದು ಕೇಳಿದೆ.

"ನಿಮ್ಮ ಮನಿಗೆ ಬ್ಯಾರೆ ನಂಬರ್ ಎಲ್ಲಿ ಐತಿ ಬೇಟಿ? ಓಣಿಗೆಲ್ಲಾ ಹೊರಗ ಒಂದ ನಂಬರ್. ಒಳಗಿಂದ ಹೊರಗ ಹೋಗಾಕ ಏನೂ ತಕರಾರಿಲ್ಲ. ಹೊರಗಿಂದ ಬಂದಾವ್ರಿಗೆ ನಿಮ್ಮ ಮನಿ ಯಾವುದಂತ ಹೆಂಗ ಗೊತ್ತಾಗಬೇಕು?"

"ನಮಗೊಂದು ಬ್ಯಾರೆ ಕೊಡಾಕ ಬರತೈತೇನ್ರಿ?" ಎಂದು ಕೇಳಿ, ಯಾಕೆ ಬೇಕೆಂದು ವಿವರಿಸಿದೆ.

"ರಕ್ತದ ಕೆಲಸ ಅಂತ ಮೊದಲ ಹೇಳಬಾರದಾ? ಈಗ ಮಾಡತೇನಿ. ನನ್ನ ಹೆಸರೂ ಬರ್ಕೋ, ಬಿ ಪಾಸಿಟಿವ್."

ಊಟದ ಹೊತ್ತಿಗೆ ಹೊಸ ವಿಳಾಸ ಬಂತು. ಅಕ್ಕನಿಗೆ ಕಳಿಸಿ, ಫೋನ್ ಕಿವಿಗಿಟ್ಟುಕೊಂಡು ನಿಂತೇ ಇದ್ದೆ.

"ತಡಿ... ಪಾಸ್‌ವರ್ಡ್ ಕೇಳಾಕತ್ತೈತಿ..." ಆಮೇಲೆ ಒಂದು ಕೂಗು. "ಬಂತಲ್ಲೇ! ಎಲ್ಲಾರೂ ಬಂದ್ರು!" ಹಿಂದಿನಿಂದ ಬೇರೆ ನರ್ಸುಗಳ ನಗು, "ನನಗೂ ತೋರಸ್ರಿ ಅಕ್ಕಾರ" ಎನ್ನುವ ದನಿಗಳು ಕೇಳಿದವು.

ಎರಡು ವಾರದ ಬಳಿಕ ಅಕ್ಕ ರಜೆಯಲ್ಲಿದ್ದಾಗ ಬಾಣಂತಿಯೊಬ್ಬಳಿಗೆ ಓ ನೆಗೆಟಿವ್ ರಕ್ತ ಬೇಕಾಯಿತು. ಕರ್ತವ್ಯದಲ್ಲಿದ್ದ ನರ್ಸ್ ತನ್ನ ಫೋನಿನಲ್ಲೇ ಹುಡುಕಿ, ಸವದತ್ತಿ ಬಳಿಯ ಉಗರಗೋಳದಲ್ಲಿ ತೆಂಗಿನಕಾಯಿ ಅಂಗಡಿ ಇಟ್ಟವರೊಬ್ಬರಿಗೆ ಕರೆ ಮಾಡಿದಳು. ಅವರು ಅಂಗಡಿಯನ್ನು ಪಕ್ಕದವರಿಗೆ ಒಪ್ಪಿಸಿ ಬೈಕ್ ಹತ್ತಿ ಬಂದರು. ನಾಲ್ಕನೆಯ ದಿನ ತಾಯಿ ಮಗು ಇಬ್ಬರೂ ಮನೆಗೆ ಹೋದರು. ಅಕ್ಕ ಫೋನಿನಲ್ಲಿ ಅದನ್ನು ಹೇಳಿದಾಗ ನಾನು ಕಾಲೇಜಿನ ವರಾಂಡದಲ್ಲಿದ್ದೆ. ಮುಂದಿನ ತರಗತಿಗೆ ಹೋದವಳೇ ಪುಸ್ತಕ ಮುಚ್ಚಿಟ್ಟು, ನಾನು ಮಾಡಿದ ತಪ್ಪನ್ನು ಬೋರ್ಡಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದೆ: 127.0.0.1.