ಉಪ್ಪು ಬಿಟ್ಟವರಿಗೆ ಮಂಗಳಮ್ಮನ ಪುಡಿ

ಬೆಳಗಿನ ಆರು ಗಂಟೆ. ಸಂತೆಬಾಚಹಳ್ಳಿಯ ಗಿರಣಿಯಲ್ಲಿ ಮಂಗಳಮ್ಮ ಸೆರಗು ಸಿಕ್ಕಿಸಿಕೊಂಡು ಖಾರ ಬೀಸುವ ಯಂತ್ರದ ಬಾಯನ್ನು ಒಣಬಟ್ಟೆಯಿಂದ ಒರೆಸುತ್ತಿದ್ದಾರೆ. ಆಮೇಲೆ, ಒಳಗೆ ಉಳಿದ ಹಳೆಯ ಪುಡಿ ಬಂದುಬಿಡಲೆಂದು ಒಂದೆರಡು ಹಿಡಿ ಅಕ್ಕಿ ಬೀಸಿ, ಆ ಹಿಟ್ಟನ್ನು ಬೇರೆ ತೆಗೆದಿಡುತ್ತಾರೆ. ಅದಾದ ಮೇಲೆಯೇ ಹುರಿದ ಕೊತ್ತಂಬರಿ ಬೀಜ, ಜೀರಿಗೆ, ಮೆಣಸು, ನೆರಳಲ್ಲಿ ಒಣಗಿಸಿದ ಕರಿಬೇವು, ಪುದೀನ ಯಂತ್ರಕ್ಕೆ ಬೀಳುವುದು.

“ಕೆಡ್ದಿರ್ಲಿ ಅಂತ ಸುಮಾರು ಜನ ಖಾರದಪುಡಿಗೆ ಉಪ್ಪಾಕಿ ಬೀಸುಸ್ತಾರೆ ಸಾ. ಅದುಕ್ಕೇ ಮಂಗಳಕ್ಕನ್ ಕೆಲ್ಸ ಮುಗಿಯೋಗಂಟ ಬೇರೆಯವ್ರುದ್ನ ನಾನು ಮುಟ್ಟಾಕಿಲ್ಲ,” ಎನ್ನುತ್ತಾರೆ ಗಿರಣಿಯ ಹೊನ್ನಪ್ಪ.

ಈ ಪುಡಿಯಲ್ಲಿ ಉಪ್ಪಿನ ಒಂದು ಹರಳೂ ಇರಕೂಡದು. ಇದು ಹೋಗುವುದು ಡಯಾಲಿಸಿಸ್ ಮಾಡಿಸಿಕೊಳ್ಳುವ ಹತ್ತೊಂಬತ್ತು ಮಂದಿಯ ಮನೆಗೆ.

ಐವತ್ತೆರಡರ ಮಂಗಳಮ್ಮ ಶಾಲೆಯ ಬಿಸಿಯೂಟದ ಅಡುಗೆಯವರು. ನಾಲ್ಕು ವರ್ಷದ ಹಿಂದೆ, ಗಾರೆ ಕೆಲಸ ಮಾಡುತ್ತಿದ್ದ ಪತಿ ಮರಿಯಯ್ಯನವರ ಎರಡೂ ಕಿಡ್ನಿ ಕೈಕೊಟ್ಟವು. ಡಯಾಲಿಸಿಸ್ ಶುರುವಾಯಿತು, ವೈದ್ಯರು ಉಪ್ಪು ಬಿಡಿಸಿದರು. “ನೂರಿಪ್ಪತ್ತು ಮಕ್ಳಿಗೆ ಉಣ್ಣಿಕ್ಕೋಳು ನಾನು. ಮನೇಲಿ ಒಬ್ರಿಗೆ ಉಣ್ಸಕ್ಕಾಗ್ನಿಲ್ಲ. ತಟ್ಟೆ ತಳ್ಬುಟ್ಟು, ‘ಇದ್ನ ತಿನ್ನೋದ್ಕಿಂತ ಉಪಾಸ ಇರೋದೇ ವಾಸಿ ಕಣಮ್ಮಿ’ ಅಂದ್ಬುಡೋರು.”

ರುಚಿ ಹತ್ತಲೆಂದು ಮಂಗಳಮ್ಮ ಅಂಗಡಿಯಿಂದ ಮಸಾಲೆ ಪುಡಿಯ ಪೊಟ್ಟಣ ತಂದರು. ಮರಿಯಯ್ಯ ಖುಷಿಯಿಂದ ಉಂಡರು. ವಾರದೊಳಗೆ ಕಾಲು ಊದಿ, ಉಸಿರು ಕಟ್ಟಿ ಆಸ್ಪತ್ರೆ ಸೇರಿದರು. ಡಯಾಲಿಸಿಸ್ ವಿಭಾಗದ ನರ್ಸ್ ಸುನಿತಾ ಆ ಪೊಟ್ಟಣ ತರಿಸಿ, ಹಿಂಬದಿಯ ಸಣ್ಣಕ್ಷರಕ್ಕೆ ಬೆರಳಿಟ್ಟು ತೋರಿಸಿದರು. ಕೊತ್ತಂಬರಿ, ಮೆಣಸಿನಕಾಯಿ ಆದ ಮೇಲೆ ಮೂರನೆಯದೇ ಉಪ್ಪು.

“ನನ್ ಕೈಯಾರ ನಾನೇ ಇಕ್ಬುಟ್ನಲ್ಲಪ್ಪ ಅಂತ ವಾರ್ಡಲ್ಲೇ ಕುಂತು ಅತ್ತೆ,” ಎನ್ನುತ್ತಾರೆ ಮಂಗಳಮ್ಮ.

ಮರಿಯಯ್ಯ ಚೇತರಿಸಿಕೊಂಡು ಮನೆಗೆ ಬಂದರು. ಯಾವ ಮಸಾಲೆ ಎಷ್ಟು ಹಾಕಬಹುದೆಂದು ಸುನಿತಾ ವೈದ್ಯರನ್ನು ಕೇಳಿ ಬರೆದುಕೊಟ್ಟರು. ಅದನ್ನು ಹಿಡಿದು ಮಂಗಳಮ್ಮ ಒಣಗಿಸಿದರು, ಹುರಿದರು, ಕುಟ್ಟಿದರು. ಹತ್ತು ಸಲ ಮರಿಯಯ್ಯ ಮುಖ ಕಿವುಚಿದರು. ಹನ್ನೊಂದನೆಯ ಸಲ, ಕೊನೆಯಲ್ಲಿ ನಾಲ್ಕು ಹನಿ ನಿಂಬೆರಸ ಹಿಂಡಿದ ಕೋಸಿನ ಪಲ್ಯ ಬಾಯಿಗಿಟ್ಟು, ತಟ್ಟೆ ಖಾಲಿ ಮಾಡಿದರು. ಆಮೇಲೆ ಹೇಳಿದರು: “ಇನ್ನೊಂದೀಟು ಇಕ್ಕಮ್ಮಿ.”

ಡಯಾಲಿಸಿಸ್‌ಗೆ ಹೋಗುವಾಗ ಒಯ್ಯುತ್ತಿದ್ದ ಅವರ ಬುತ್ತಿಯ ಘಮ ಪಕ್ಕದ ಹಾಸಿಗೆಗಳಿಗೂ ಹರಡಿತು. ಈಗ ತಿಂಗಳಿಗೆ ಮೂರು ಕಿಲೋ ಪುಡಿ. ಪಲ್ಯಕ್ಕೆ ಒಂದು ಚಮಚ, ಅಷ್ಟೇ. ಸೊಪ್ಪು, ಮಸಾಲೆಯಲ್ಲಿರುವ ಪೊಟ್ಯಾಸಿಯಂ ಕೆಲವರಿಗೆ ಅಪಾಯ; ಹಾಗಾಗಿ ರಕ್ತಪರೀಕ್ಷೆಯ ಚೀಟಿಯನ್ನು ಸುನಿತಾಗೆ ತೋರಿಸದವರಿಗೆ ಮಂಗಳಮ್ಮ ಪೊಟ್ಟಣ ಕೊಡುವುದಿಲ್ಲ. ಕಿಡ್ನಿ ವಾಸಿಮಾಡುವ ಸೊಪ್ಪು ಕೇಳಿಕೊಂಡು ನಾಗಮಂಗಲದಿಂದ ಬಂದವರನ್ನು ಹಾಗೆಯೇ ಕಳಿಸಿದ್ದಾರೆ. “ಇದು ಔಸ್ದಿ ಅಲ್ಲ ಕಣಪ್ಪ. ಡಾಕ್ಟ್ರು ಬ್ಯಾಡ ಅಂದ್ರೆ ಇದ್ನೂ ಮುಟ್ಬ್ಯಾಡಿ ಅಂತೀನಿ.”

ಏನಾದರೂ ಆಸೆ ಉಂಟೇ ಎಂದರೆ ಪೊಟ್ಟಣ ಕಟ್ಟುತ್ತಲೇ ಹೇಳುತ್ತಾರೆ.

“ಮದ್ವೆ ಮನೇಲಿ ಎಲೆ ಮುಂದೆ ಕೂರೋದ್ನೇ ಬುಟ್ಬುಟ್ಟವ್ರೆ ಇವ್ರೆಲ್ಲ. ಬ್ಯಾಸ್ಗೆ ರಜ ಬರ್ಲಿ, ಹತ್ತೊಂಬತ್ತು ಜನಾನೂ ನಮ್ಮನೆಗೆ ಕರ್ದು, ಸಾಲಾಗಿ ಕೂರ್ಸಿ ಉಣ್ಣಿಕ್ಬೇಕು. ‘ಇದ್ರಲ್ಲಿ ಏನೇನ್ ಆಕಿದ್ದೀರಿ’ ಅಂತ ಒಬ್ರೂ ಕೇಳ್ಬಾರ್ದು.”