ಬ್ರಶ್ಷಮ್ಮನ ಹಲ್ಲಿನ ಸೆಟ್ಟು

ಶಿಶುವಿಹಾರದಲ್ಲಿ ಆಯಾ ಆಗಿ ಹನ್ನೊಂದು ವರ್ಷವಾಗಿದ್ದರೂ ಆಕೆಯನ್ನು ಹೆಸರು ಹಿಡಿದು ಕರೆದವರಿಲ್ಲ. ಮಕ್ಕಳಿಗೆಲ್ಲ ಆಕೆ ಬ್ರಶ್ಷಮ್ಮ. ಊಟ ಮುಗಿಯುತ್ತಲೇ ಹದಿನೆಂಟು ಮಕ್ಕಳನ್ನು ಗಿಡ್ಡ ಸಿಂಕುಗಳ ಮುಂದೆ ನಿಲ್ಲಿಸಿ, ಬಟಾಣಿಯಷ್ಟೇ ಪೇಸ್ಟು ಹಾಕಿ, "ಒಳಗಡೆ, ಹೊರಗಡೆ, ಮೂಲೆ ಮೂಲೆ" ಎಂದು ಉಜ್ಜಿಸುವುದೆಂದರೆ ಆಕೆಗೆ ಎಲ್ಲಿಲ್ಲದ ಹುರುಪು. ಯಾರಾದರೂ ಕಳ್ಳಾಟ ಆಡಿದರೆ ಒಂದೇ ಬೆದರಿಕೆ: "ಉಜ್ಜದಿದ್ರೆ ಹಲ್ಲು ಉದುರಿಹೋಗುತ್ತೆ, ನೋಡ್ತಿರು!" ಬೆದರಿಕೆಗೆ ಮಕ್ಕಳೇನೋ ಬಗ್ಗುತ್ತಿದ್ದರು. ಎಡವಟ್ಟಾಗಿದ್ದೂ ಅದರಿಂದಲೇ.

ಎಲ್ಲರಿಗಿಂತ ಶ್ರದ್ಧೆಯಿಂದ ಉಜ್ಜುತ್ತಿದ್ದವಳು ಐದೂವರೆ ವರ್ಷದ ಒಬ್ಬ ಮಾತಿನಮಲ್ಲಿ. ಒಂದು ಸೋಮವಾರ ಅವಳು ತುಟಿ ಬಿಗಿದುಕೊಂಡು ಬಂದಳು. ಮಾತಿಲ್ಲ ಕತೆಯಿಲ್ಲ, ಊಟವನ್ನೂ ಮುಟ್ಟಲಿಲ್ಲ. ಬ್ರಶ್ ಕೊಟ್ಟರೆ ಎಸೆದೇಬಿಟ್ಟಳು. ಬ್ರಶ್ಷಮ್ಮ ಮುದ್ದುಮಾಡಿ ಕೇಳಿದಾಗ ಬಿಕ್ಕುತ್ತಾ ಬಾಯಿ ತೆರೆದಳು. ಕೆಳಗಿನ ಸಾಲಿನ ಮುಂದಿನ ಹಲ್ಲೊಂದು ಇರಲಿಲ್ಲ.

"ನಾನು ದಿನಾ ಉಜ್ಜಿದೀನಿ. ಆದ್ರೂ ಬಿದ್ದೋಯ್ತು. ನೀವು ಸುಳ್ಳು ಹೇಳಿದ್ರಿ!"

ಸುತ್ತಲಿದ್ದ ಮಕ್ಕಳೂ ಒಬ್ಬೊಬ್ಬರಾಗಿ ಬ್ರಶ್ ಕೆಳಗಿಟ್ಟರು. ಬ್ರಶ್ಷಮ್ಮ ಆ ಬ್ರಶ್ಶುಗಳನ್ನೇ ನೋಡಿದಳು. ಅಯ್ಯೋ, ಇಷ್ಟು ವರ್ಷ ಮಾಡಿದ್ದೆಲ್ಲ ನೀರುಪಾಲಾಯಿತಲ್ಲ! ಹೊಸ ಹಲ್ಲು ಬರುತ್ತದೆ ಎಂದರೆ ಈಗ ನಂಬುವವರಾರು?

ಆಕೆಗೊಂದು ಗುಟ್ಟಿತ್ತು. ಮಕ್ಕಳು ಮಲಗಿದ ಮೇಲೆ ಬಚ್ಚಲಿನ ಚಿಲಕ ಹಾಕಿಕೊಂಡು ತೊಳೆಯುತ್ತಿದ್ದ ಗುಟ್ಟು. ಟೀಚರಿಗೂ ಗೊತ್ತಿರಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾದರೂ ಆಕೆ ನೆಲದ ಮೇಲೆ ಕುಳಿತು, ಬಾಯಿಗೆ ಕೈ ಹಾಕಿ, ಮೇಲಿನ ಕಟ್ಟಿಸಿದ ಹಲ್ಲಿನ ಸೆಟ್ಟು ಬಿಚ್ಚಿ ಅಂಗೈಯಲ್ಲಿಟ್ಟಳು. ಮಕ್ಕಳು ಕಣ್ಣು ಪಿಳಿಪಿಳಿ ಬಿಟ್ಟರು. ಬಾಗಿಲಲ್ಲಿ ಟೀಚರೂ ನಿಂತಿದ್ದರು.

"ನಂಗೂ ಚಿಕ್ಕೋಳಿದ್ದಾಗ ಹಾಲುಹಲ್ಲು ಬಿತ್ತು, ಪುಟ್ಟಾ. ಗಟ್ಟಿ ಹಲ್ಲು ಬಂತು. ಅದನ್ನ ಉಜ್ಜಲೇ ಇಲ್ಲ, ಉಜ್ಜು ಅಂತ ಹೇಳೋರೂ ಇರ್ಲಿಲ್ಲ. ಹುಳುಕು ಹಿಡಿದು ಹೋಯ್ತು." ಬೊಚ್ಚುಬಾಯಲ್ಲಿ ಮಾತು ತೊದಲಿತು. "ನಿಂದು ಹಂಗಲ್ಲ. ಹೊಸದಕ್ಕೆ ಜಾಗ ಬಿಟ್ಟು ಹೋಗಿದೆ. ನಿನ್ನ ತಪ್ಪೇನೂ ಇಲ್ಲ, ಹಾಗೆ ಹೆದರಿಸಿದ್ದು ನನ್ನ ತಪ್ಪು. ನಾಲಿಗೆ ಆಡಿಸಿ ನೋಡು."

ಹುಡುಗಿ ನಾಲಿಗೆ ಆಡಿಸಿದಳು. "ಚೂಪಾಗಿ ಏನೋ ಇದೆ!" ಮುಖ ಅರಳಿತು. ಆಮೇಲೆ ಅಂಗೈಯಲ್ಲಿದ್ದ ಸೆಟ್ಟನ್ನೇ ನೋಡುತ್ತಾ ಕೇಳಿದಳು: "ನಿಮಗೆ ಇನ್ನು ಬರಲ್ವಾ?"

"ಇಲ್ಲ ಕಂದಾ."

ಹುಡುಗಿ ಎದ್ದು ಕಪಾಟಿನಿಂದ ಒಂದು ಹೊಸ ಬ್ರಶ್ ತಂದು, ನೀರಲ್ಲಿ ಅದ್ದಿ, ಆ ಸೆಟ್ಟನ್ನು ಮೆಲ್ಲಗೆ ಉಜ್ಜತೊಡಗಿದಳು. ಒಳಗಡೆ, ಹೊರಗಡೆ, ಮೂಲೆ ಮೂಲೆ.

"ಕೈ ಅಲ್ಲಾಡಿಸ್ಬೇಡಿ, ಬ್ರಶ್ಷಮ್ಮ" ಎಂದು ಗದರಿದಳು.