ಸ್ಲ್ಯಾಬಿಗೆ ನೀರಡಿಕೆಯಾಗಿತ್ತು

ಈ ಸಲ ಇಡೀ ಮ್ಹಾಪಸಾದಲ್ಲಿ ಮಳೆ ಬಾರದಿರಲಿ ಎಂದು ದೇವರಿಗೆ ಕೈಮುಗಿಯುತ್ತಿದ್ದವನು ಬಹುಶಃ ನಾನೊಬ್ಬನೇ.

ಕಾರಣ, ನನ್ನ ಮನೆಯ ಸ್ಲ್ಯಾಬ್, ಕಾಂಕ್ರೀಟಿನ ತಾರಸಿ. ಧಾರವಾಡ ಬಿಟ್ಟು ಬಂದು, ಇಲ್ಲಿಯ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟು, ಹದಿನೆಂಟು ವರ್ಷ ಬಾಡಿಗೆ ಮನೆಯಲ್ಲಿ ಕಳೆದ ಮೇಲೆ ಊರ ಅಂಚಿನಲ್ಲಿ ಒಂದು ಮನೆ ಕಟ್ಟಿಸುತ್ತಿದ್ದೇನೆ. (ಈ ಪುರಾಣ ಕೇಳಿ ನಿಮಗೆ ಬೇಸರ ಬರುತ್ತಿರಬಹುದು, ಗೊತ್ತು.) ಗೋವೆಯಲ್ಲಿ ಮಳೆ ಹಿಂದೆ ಸರಿಯದೆ ಯಾರೂ ಸ್ಲ್ಯಾಬ್ ಹಾಕುವುದಿಲ್ಲ. ಈ ವರ್ಷ ಅದು ನವರಾತ್ರಿಗೆ ಮೊದಲೇ ಗಂಟುಮೂಟೆ ಕಟ್ಟಿತು. ದಿನಾ ಸಂಜೆ ನಾನು ರೇಡಿಯೋಕ್ಕೆ ಕಿವಿ ಹಚ್ಚಿ ಕೂಡುತ್ತಿದ್ದೆ. "ಒಣ ಹವೆ ಮುಂದುವರಿಯುವ ಸಾಧ್ಯತೆ ಇದೆ." ಎಂಥ ಇಂಪಾದ ಮಾತು!

ಊರಿನ ಬಾವಿಗಳು ಇಳಿಯುತ್ತಿದ್ದವು. ತಡವಾಗಿ ನಾಟಿ ಮಾಡಿದ ಗದ್ದೆಗಳಲ್ಲಿ ಭತ್ತ ಜೊಳ್ಳಾಗುತ್ತಿತ್ತು. ಅಂಗಡಿಗೆ ಬಂದವರೆಲ್ಲ ಆಕಾಶವನ್ನು ಬಯ್ಯುತ್ತಿದ್ದರು. ನಾನು "ಹೌದ್ರಿ, ಹೌದ್ರಿ" ಎನ್ನುತ್ತ ಬಟ್ಟೆ ಅಳೆಯುತ್ತಿದ್ದೆ. ಒಳಗೊಳಗೇ ಖುಷಿ.

ಸ್ಲ್ಯಾಬ್ ಹಾಕಿದ್ದಾಯಿತು. ಮರುದಿನದಿಂದಲೇ ನನ್ನ ಪ್ರಾರ್ಥನೆ ತಿರುಗಿತು. ಈಗ ಮಳೆ ಬೇಕು! ಯಾಕೆಂದರೆ ಹೊಸ ಸ್ಲ್ಯಾಬಿನ ಮೇಲೆ ಹದಿನಾಲ್ಕು ದಿನ ನೀರು ನಿಲ್ಲಿಸಬೇಕು. ಇಲ್ಲದಿದ್ದರೆ ಬಿರುಕು. "ಸ್ಲ್ಯಾಬ್ ಅಂದರೆ ಹಸುಗೂಸು, ಗಳಿಗೆಗೊಮ್ಮೆ ಕುಡಿಸಬೇಕು" ಎಂದು ಕಾಂಟ್ರಾಕ್ಟರ್ ಕೊಂಕಣಿಯಲ್ಲಿ ನನ್ನನ್ನು ಹೆದರಿಸಿಟ್ಟಿದ್ದ. ಎರಡು ದಿನಕ್ಕೊಮ್ಮೆ ಟ್ಯಾಂಕರ್ ತರಿಸುತ್ತಿದ್ದೆ. ಆ ನೀರೆಲ್ಲ ಸ್ಲ್ಯಾಬಿಗೆ.

ಕುಡಿಸುವ ಕೆಲಸ ಮೆಹಬೂಬನದು. ವಿಜಾಪುರದ ಕಡೆಯ ಗೌಂಡಿ. ಹೆಂಡತಿ ಖಾಜಾಬಿ ಅದೇ ಕೆಲಸದಲ್ಲಿ ಇಟ್ಟಿಗೆ, ಮರಳು ಹೊರುತ್ತಿದ್ದಳು. ಗೋಡೆಯ ಪಕ್ಕದಲ್ಲೇ ತಗಡಿನ ಶೆಡ್ಡು, ಅದೇ ಅವರ ಮನೆ. ಮೊದಲು ಪಕ್ಕದ ವಠಾರದ ಬಾವಿಯಿಂದ ನೀರು ತರುತ್ತಿದ್ದರು. ಬಾವಿ ಇಳಿದ ಮೇಲೆ ಅಲ್ಲಿಯ ಅಜ್ಜಿ "ಬಾಂಯ್ ಸುಕ್ಲಿ" (ಬಾವಿ ಒಣಗಿತು) ಎಂದು ಗೇಟಿಗೆ ಬೀಗ ಹಾಕಿದಳು. ಪೂರ್ತಿ ಒಣಗಿರಲಿಲ್ಲ. ಅಜ್ಜಿಯ ಮನೆಯವರಿಗೆ ಸಾಕಾಗುವಷ್ಟಿತ್ತು.

ಒಂದು ಮುಂಜಾನೆ ಟ್ಯಾಂಕರ್ ಬಂದಾಗ ನಾನು ಅಲ್ಲೇ ನಿಂತಿದ್ದೆ. ಖಾಜಾಬಿ ಎರಡು ಕೊಡ ಹಿಡಿದು ಬಂದಳು.

"ಸಾವ್ಕಾರ್ರ, ಎರಡ ಕೊಡ ತುಂಬ್ಕೊಳ್ಲೇನ್ರಿ? ಕುಡಿಯಾಕ."

"ಬೀದಿ ನಳಕ್ಕ ಹೋಗಲಿಲ್ಲೇನ?"

"ನಸಕಿನ್ಯಾಗಿಂದ ಅಲ್ಲೇ ನಿಂತಿದ್ನಿರಿ. ಘಾಂಟಿ ಮಂದಿ ಕಡೀಕ ಅಂತ ನನ್ನ ಕೊಡಾ ಹಿಂದ ಸರಿಸಿದ್ರು. ನನ್ನ ಪಾಳಿ ಬರೂದ್ರಾಗ ನೀರ ಹೋತು."

ಘಾಂಟಿ ಎಂದರೆ ಘಟ್ಟ ಇಳಿದು ಬಂದವರು. ಆ ಮಾತಿನಲ್ಲಿರುವ ವಿಷ ಇಲ್ಲಿರುವ ನಮಗೆಲ್ಲ ಗೊತ್ತು. ನನಗೂ ಸಿಟ್ಟು ಬಂತು. ಬಂದು ಏನಾಯಿತು? ನಾನು ಟ್ಯಾಂಕರಿನ ಪೈಪು ನೋಡಿದೆ, ಸ್ಲ್ಯಾಬು ನೋಡಿದೆ, ಕಾಂಟ್ರಾಕ್ಟರನ ಮುಖ ನೋಡಿದೆ. ಅವನು ಬೇಡವೆಂದು ತಲೆ ಅಲ್ಲಾಡಿಸಿದ.

"ಎರಡ ದಿನ ತಡೀವಾ" ಎಂದೆ. "ಸ್ಲ್ಯಾಬಿಗೇ ನೀರ ಸಾಲವಲ್ದು. ರೇಡಿಯೋದಾಗ ಮಳಿ ಅಂತ ಹೇಳ್ಯಾರ."

ಹೇಳಿದ್ದರು, ಖರೆ. "ಮುಂದಿನ ನಲವತ್ತೆಂಟು ಗಂಟೆಗಳಲ್ಲಿ ಕೊಂಕಣ ಮತ್ತು ಗೋವೆಯ ಕೆಲವು ಕಡೆ ಗುಡುಗು ಸಹಿತ ಮಳೆ ಸಾಧ್ಯತೆ." ಈ 'ಕೆಲವು ಕಡೆ' ಎಂಬ ಊರು ಎಲ್ಲಿದೆ? ಯಾವ ಬಸ್ ಹೋಗುತ್ತದೆ ಅಲ್ಲಿಗೆ? ನನಗಂತೂ ಇಷ್ಟು ವರ್ಷದಲ್ಲಿ ಸಿಕ್ಕಿಲ್ಲ.

ಖಾಜಾಬಿ ನನ್ನನ್ನೇ ನೋಡಿದಳು.

"ನೀರಡಿಕಿ ಎರಡ ದಿನ ತಡೀತೈತೇನ್ರಿ?"

ಜಗಳ ಮಾಡಲಿಲ್ಲ. ಕೊಡಗಳನ್ನು ಒಂದರೊಳಗೊಂದು ಇಟ್ಟುಕೊಂಡು ಹೊರಟಳು. ನಾನು ಸ್ಕೂಟರ್ ಹತ್ತಿ ಅಂಗಡಿಗೆ ಹೋದೆ. ಶುಕ್ರವಾರ, ಸಂತೆಯ ದಿನ, ಗಿರಾಕಿ ಭಾಳ.

ನಮ್ಮ ಸೈಟಿನ ಹಿಂದೆ ಸ್ವಲ್ಪ ದೂರದಲ್ಲಿ ಕೆಂಪು ಕಲ್ಲು ಕಡಿದು ಬಿಟ್ಟುಹೋದ ಹಳೆಯ ಖಣಿ ಇದೆ. ಅದರ ತಳದಲ್ಲಿ ಹಸಿರುಗಟ್ಟಿದ ನೀರು. ಇಳಿಯಲು ಮೆಟ್ಟಿಲಿಲ್ಲ, ಕಲ್ಲು ಕಡಿದ ಕಡೆ ಪಾದ ಊರುವಷ್ಟು ಅಂಚುಗಳಿವೆ, ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಖಾಜಾಬಿ ಅಲ್ಲಿಗೆ ಹೋದಳು. ಒಂದು ಕೊಡ ಮೇಲೆ ತಂದಿಟ್ಟಳು. ಎರಡನೆಯದನ್ನು ತರುವಾಗ ಕಾಲು ಜಾರಿತು.

ದನ ಮೇಯಿಸುತ್ತಿದ್ದವನೊಬ್ಬ ಕೂಗಿಕೊಂಡಾಗ ಮೆಹಬೂಬ ಎಲ್ಲಿದ್ದ? ನನ್ನ ಸ್ಲ್ಯಾಬಿನ ಮೇಲೆ. ಪೈಪು ಹಿಡಿದು, ಸ್ಲ್ಯಾಬಿಗೆ ನೀರು ಬಿಡುತ್ತ.

ಸ್ಲ್ಯಾಬಿನ ಆಸರೆಗೆ ತಂದು ಉಳಿದಿದ್ದ ಸೆಂಟ್ರಿಂಗಿನ ಹಲಗೆಯ ಮೇಲೆ ಮಲಗಿಸಿ ನಾಲ್ವರು ಅವಳನ್ನು ರಸ್ತೆಗೆ ಹೊತ್ತು ತಂದರಂತೆ. ಸುದ್ದಿ ತಿಳಿದು ನಾನು ಆಸ್ಪತ್ರೆಗೆ ಓಡಿದೆ. ತೊಡೆಯ ಎಲುಬು ಮುರಿದಿತ್ತು. ಒಳಗಿನಿಂದ ಅವಳ ನರಳಾಟ ಕೇಳುತ್ತಿತ್ತು. ಹೊರಗೆ ಬೆಂಚಿನ ಮೇಲೆ ಮೆಹಬೂಬ, ಅಂಗಿಯ ತುಂಬ ಕೆಂಪು ಮಣ್ಣು. ನನ್ನನ್ನು ಕಂಡು ಎದ್ದು ನಿಂತ. ಬಯ್ಯುತ್ತಾನೆ ಎಂದುಕೊಂಡೆ. ಬಯ್ದರೆ ಚಲೋ ಎಂದುಕೊಂಡೆ.

"ಸಾವ್ಕಾರ್ರ, ತಪ್ಪಾತ್ರಿ" ಎಂದ. "ಪೈಪ್ ಹಂಗ ಬಿಟ್ಟ ಓಡಿ ಬಂದೇನ್ರಿ. ನೀರೆಲ್ಲಾ ಹರದ ಹೋಗಿರಬೇಕ."

ನಾನು ಬೆಂಚಿನ ಮೇಲೆ ಕುಳಿತು ಅವನಿಗೂ ಕೂಡು ಎಂದೆ. ಅವನು ಮಾತ್ರ ನನ್ನ ಪಕ್ಕ ಕೂಡಲು ಒಲ್ಲೆನೆಂದು ಗೋಡೆಗೆ ಒರಗಿ ನಿಂತ.

ಸಂಜೆ ಸೈಟಿಗೆ ಹೋದೆ. ಪೈಪು ಮೇಲಿಂದ ಜೋತಾಡುತ್ತಿತ್ತು. ತಗಡಿನ ಶೆಡ್ಡಿನ ಬಾಗಿಲವರೆಗೆ ಅಂಗಳವೆಲ್ಲ ಕೆಸರು. ಎರಡು ಕೊಡವಲ್ಲ, ಇಪ್ಪತ್ತು ಕೊಡ ಹರಿದಿರಬೇಕು. ಕಾಂಟ್ರಾಕ್ಟರ್ ಮೇಲೆ ಹತ್ತಿ, ಬಗ್ಗಿ ನೋಡಿ, ಇಳಿದು ಬಂದ. ಒಂದೂ ಬಿರುಕಿಲ್ಲ ಎಂದು ನನ್ನ ಕೈ ಕುಲುಕಿದ.

ನನ್ನ ಹೆಂಡತಿ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಊಟಕ್ಕೆ ಬಡಿಸುತ್ತ ಒಂದೇ ಮಾತು ಕೇಳಿದಳು.

"ನಮ್ಮ ಮನ್ಯಾಗ ಎರಡ ಕೊಡ ನೀರ ಇರಲಿಲ್ಲೇನ್ರಿ?"

ಇತ್ತು. ಬಾಡಿಗೆ ಮನೆಯ ನಳ ದಿನಾ ಬರುತ್ತದೆ. ಹಂಡೆ ತುಂಬಿರುತ್ತದೆ. ಸ್ಕೂಟರಿನಲ್ಲಿ ಹತ್ತು ನಿಮಿಷದ ದಾರಿ. ನನಗೆ ಹೊಳೆಯಲೇ ಇಲ್ಲ. ಅದೇ ಸ್ಲ್ಯಾಬಿಗೆ ನೀರು ಕಡಿಮೆ ಬಿದ್ದಿದ್ದರೆ? ಹೊಳೆಯುತ್ತಿತ್ತು, ಖಂಡಿತ ಹೊಳೆಯುತ್ತಿತ್ತು. ಹೆಗಲ ಮೇಲೆ ಹೊತ್ತಾದರೂ ತರುತ್ತಿದ್ದೆ.

ನೀರಿಲ್ಲ ಎಂದಾಗಲೆಲ್ಲ ನಾವು ಆಕಾಶ ತೋರಿಸುತ್ತೇವೆ. ಮಳೆ ಕೈಕೊಟ್ಟಿತು, ದೇವರು ಮುನಿದ, ರೇಡಿಯೋದವರು ಸುಳ್ಳು ಹೇಳಿದರು. ಎಷ್ಟು ಅನುಕೂಲ! ಮಳೆ ಬರಲಿಲ್ಲ ಎಂಬುದು ಖರೆ. ಆದರೆ ನೀರು ಇರಲಿಲ್ಲವೇ? ಬೀಗದ ಹಿಂದೆ ಇತ್ತು, ನಳದಲ್ಲಿ ಇತ್ತು, ನನ್ನ ಸ್ಲ್ಯಾಬಿನ ಮೇಲೆ ಬಗ್ಗಿ ಮುಖ ನೋಡಿಕೊಳ್ಳುವಷ್ಟಿತ್ತು. ಪಾಳಿ ಯಾರದು ಮೊದಲು ಎಂದು ಗೊತ್ತು ಮಾಡಿದವರು ನಾವು. ಅಜ್ಜಿಯನ್ನು ಬಯ್ಯಲು ನನಗೆ ಬಾಯಿಲ್ಲ. ಅವಳು ತನ್ನ ಮನೆಯವರಿಗಾಗಿ ಬೀಗ ಹಾಕಿದಳು. ನಾನು ಸಿಮೆಂಟಿಗಾಗಿ ಹಾಕಿದೆ.

ಮುಂದಿನ ಟ್ಯಾಂಕರಿನಿಂದ ಮೊದಲು ಶೆಡ್ಡಿನ ಡ್ರಮ್ಮು ತುಂಬಿಸಿದೆ. ಯಾರಿಗಾಗಿ? ಗಂಡಹೆಂಡತಿ ಇಬ್ಬರೂ ಆಸ್ಪತ್ರೆಯಲ್ಲಿ, ಶೆಡ್ಡಿನಲ್ಲಿ ಯಾರೂ ಇರಲಿಲ್ಲ.

ಹೋದ ವಾರ ಖಾಜಾಬಿಯ ಅಣ್ಣ ಬಂದು ಅವಳನ್ನು ಊರಿಗೆ ಕರೆದುಕೊಂಡು ಹೋದ. ಬಸ್ಸಿನ ಹಿಂದಿನ ಉದ್ದ ಸೀಟಿನ ಮೇಲೆ ಮಲಗಿಸಿದೆವು. ಇನ್ನು ಮೇಲೆ ತಲೆಯ ಮೇಲೆ ಭಾರ ಹೊರುವಂತಿಲ್ಲ ಎಂದಿದ್ದಾರೆ ಡಾಕ್ಟರು. ಹೊರುವುದೊಂದೇ ಅವಳಿಗೆ ಗೊತ್ತಿದ್ದ ಕೆಲಸ. ನಾನು ಕಿಟಕಿಯ ಹತ್ತಿರ ನಿಂತು "ಆರಾಮ ಆಗಿ ಬಾ" ಎಂದೆ. ಅವಳು ನನ್ನ ಕಡೆ ತಿರುಗಲಿಲ್ಲ. ಬಸ್ ಹೋದ ಮೇಲೆ ಮೆಹಬೂಬ ನೇರ ಕೆಲಸಕ್ಕೆ ಹೋದ.

ಮೊನ್ನೆ ನಮ್ಮ ಕನ್ನಡ ಸಂಘದವರು ಅಂಗಡಿಗೆ ಬಂದಿದ್ದರು. ನವೆಂಬರ್ ಒಂದಕ್ಕೆ ರಾಜ್ಯೋತ್ಸವ, ನೀವೇ ಮುಖ್ಯ ಭಾಷಣ ಮಾಡಬೇಕು ಎಂದರು. ವಿಷಯ: 'ಹೊರನಾಡಿನಲ್ಲಿ ಕನ್ನಡಿಗರ ಒಗ್ಗಟ್ಟು'. ನಮ್ಮವರಿಗೆ ನಮ್ಮ ಭಾಷೆಯಲ್ಲಿ ನಾಲ್ಕು ಮಾತು ಹೇಳ್ರಿ ಎಂದು ಒತ್ತಾಯ.

ಖಾಜಾಬಿಗೆ ನಾನು ನೀರಿಲ್ಲ ಎಂದದ್ದೂ ನಮ್ಮ ಭಾಷೆಯಲ್ಲೇ ಅಲ್ಲವೇ?